ಮಸೂದೆ ಪಾಸಾಯಿತು, ಷೇರು ಇಳಿಯಿತು

ರೈಲ್ವೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಮೇಲೂ ಅನಂತರಾಮರು ಮೈಸೂರಿಗೆ ಮರಳಲಿಲ್ಲ, ವಡೋದರಾದ ಗೋರ್ವಾದಲ್ಲೇ ಉಳಿದರು. ದಿನವೂ ಬಸ್ಸು ಹತ್ತಿ ಮಕರಪುರಕ್ಕೆ ಹೋಗಿ, ಕಾರ್ಖಾನೆಗಳ ನಡುವೆ ಕುಂದಾಪುರದ ಗಣಪತಿ ನಡೆಸುತ್ತಿದ್ದ ಸಣ್ಣ ಹೋಟೆಲಿನಲ್ಲಿ ಕಾಫಿ ಕುಡಿಯುವುದು ಅವರ ರೂಢಿ. ಅಲ್ಲಿ ಅವರ ಮಾತಿಗೆ ಬೆಲೆಯಿತ್ತು. ಮನೆಯಲ್ಲಿ ಅಷ್ಟಿರಲಿಲ್ಲ.

ಆ ವರ್ಷದ ಬಜೆಟ್ ದಿನ ಹೋಟೆಲಿನ ಟಿವಿಯ ಮುಂದೆ ಜನ ಸೇರಿದ್ದರು. ರೈಲ್ವೆಗೆ ದೊಡ್ಡ ಮೊತ್ತ ಇಟ್ಟಿದ್ದಾರೆಂದು ಕೇಳಿದ್ದೇ ಅನಂತರಾಮರಿಗೆ ಹುರುಪು ಬಂತು.

"ದೇಶದ ತುಂಬಾ ಹಳಿ ಬೀಳುತ್ತೆ ನೋಡು ಗಣಪತಿ. ಹಳಿ ಹಾಕೋ ಕಂಪನಿಗಳಿಗೆ ಇನ್ನು ಸುಗ್ಗಿ!"

ಮರುದಿನ ಗಣಪತಿಯ ಹೆಂಡತಿ ಪ್ರೇಮಾ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು. "ರಾಯರೇ, ಪಕ್ಕದ ಅಂಗಡಿ ಹಿಡಿಯೂಕೆ ಅಂತ ಇಟ್ಟ ದುಡ್ಡು ಅದು. ಇವ್ರು ಅಂಥ ಕಂಪನಿಯ ಷೇರಿಗೆ ಹಾಕ್ತೆ ಅಂತ್ರು. ನೀವೇ ಹೇಳಿ, ಹಾಕ್ಲಕ್ಕಾ?"

ಬಜೆಟ್ಟಿನಲ್ಲಿ ಬರೆದ ಹಣ ಕೆಲಸದ ಜಾಗಕ್ಕೆ ತಲುಪಲು ವರ್ಷಗಳು ಹಿಡಿಯುತ್ತವೆ, ಖರ್ಚಾಗದೆ ಉಳಿದದ್ದು ಮಾರ್ಚಿನಲ್ಲಿ ಖಜಾನೆಗೆ ಹಿಂದಿರುಗುತ್ತದೆ. ಗುತ್ತಿಗೆ ಯಾರ ಪಾಲಾಗುವುದೋ ಯಾರಿಗೂ ಗೊತ್ತಿಲ್ಲ. ಆ ಹಣದ ಆಸೆಯಲ್ಲೇ ಷೇರಿನ ಬೆಲೆ ಮೊದಲೇ ಏರಿ ಕೂತಿತ್ತು. ಇಷ್ಟೂ ಅವರ ನಾಲಿಗೆಯ ತುದಿಗೆ ಬಂತು. ಆದರೆ ಅಕ್ಕಪಕ್ಕದ ಮೇಜಿನವರೂ ಕಿವಿಗೊಟ್ಟಿದ್ದರು. ನಿನ್ನೆಯ ಮಾತನ್ನು ಇಂದು ನುಂಗಲು ಅವರಿಗೆ ಮನಸ್ಸಾಗಲಿಲ್ಲ.

"ಹೆದರಬೇಡಮ್ಮ, ಹಾಕಲಿ," ಅಂದುಬಿಟ್ಟರು.

ಸಂಸತ್ತು ಒಂದು ರೂಪಾಯಿಯನ್ನೂ ಕಡಿಮೆ ಮಾಡದೆ ಬಜೆಟ್ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಗಣಪತಿ ಕೊಂಡ ಷೇರು ಮಾತ್ರ ತಿಂಗಳು ತಿಂಗಳು ಇಳಿಯುತ್ತ ಹೋಯಿತು.

"ಪಾಸಾಯ್ತಲ್ಲೆ ರಾಯರೇ, ಮತ್ತೆ ಎಂತಕ್ಕೆ ಇಳಿತು?" ಎಂದು ಗಣಪತಿ ಕೇಳಿದ.

ಅನಂತರಾಮರು ಅಂದು ನುಂಗಿದ್ದನ್ನೆಲ್ಲ ಈಗ ಬಿಡಿಸಿ ಹೇಳಿದರು. ಗಣಪತಿ ಮೇಜು ಒರೆಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಇದನ್ನ ಅವತ್ತೇ ಹೇಳ್ಲಕ್ಕಿತ್ತಲ್ಲೆ?" ಅಂದ.

ಪಕ್ಕದ ಅಂಗಡಿ ಮೊಬೈಲ್ ರಿಪೇರಿಯವನ ಪಾಲಾಯಿತು. ನಷ್ಟದಲ್ಲಿ ಅರ್ಧ ತಾನು ಹೊರುತ್ತೇನೆಂದು ಅನಂತರಾಮರು ಹೋದಾಗ ಪ್ರೇಮಾ ತಲೆ ಅಡ್ಡಡ್ಡ ಆಡಿಸಿದಳು. "ನೀವು ತಿಂದದ್ದಲ್ಲ ರಾಯರೇ. ಬ್ಯಾಡ."

ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಬೈಯಲಿಲ್ಲ. ಮೊದಲಿನಂತೆಯೇ ಕಾಫಿ ಬಿಸಿಯಾಗಿ ಬರುತ್ತಿತ್ತು, ಗಣಪತಿ ನಗುತ್ತಲೂ ಇದ್ದ. ಆದರೆ ಯಾವುದಕ್ಕೂ ಅವರ ಅಭಿಪ್ರಾಯ ಕೇಳುವುದನ್ನು ಬಿಟ್ಟಿದ್ದ.

ಮುಂದಿನ ವರ್ಷ ಬಜೆಟ್ ದಿನ ಅವರು ಮನೆಯಲ್ಲೇ ಕೂತಿದ್ದನ್ನು ಕಂಡು ಹೆಂಡತಿ ಶಾಂತಾ ಅಚ್ಚರಿಪಟ್ಟಳು. "ಇದೇನ್ರೀ, ಇವತ್ತು ಹೋಟೆಲಿಗೆ ಹೋಗಲ್ವಾ? ಎಲ್ಲರೂ ಕಾಯ್ತಿರ್ತಾರೆ."

"ಯಾರೂ ಕಾಯ್ತಿರಲ್ಲ ಕಣೆ," ಎಂದ ಅನಂತರಾಮರು ಕಿಟಕಿಯತ್ತ ತಿರುಗಿ ಕೂತರು.