ಹಾದಿ ಹೇಳುವ ಕಾಕಾ

ಸುಣ್ಣ ಹಚ್ಚಿ ಹಚ್ಚಿ ಕಾಕಾರ ತೋರುಬೆರಳು ಬಿರಿದು ಬೆಳ್ಳಗಾಗಿತ್ತು. ಹುಬ್ಬಳ್ಳಿ ಸ್ಟೇಷನ್ನಿನ ಎದುರು ಅವರದು ಎಲೆ-ಅಡಿಕೆ ಅಂಗಡಿ. ಪಕ್ಕದ ಬಟ್ಟೆ ಅಂಗಡಿಯಲ್ಲಿ ನಾನು ಗುಮಾಸ್ತ. ರೈಲಿಳಿದ ಪರವೂರಿನವರು ಛತ್ರ, ದವಾಖಾನೆ, ಬೀಗರ ಮನೆ ಏನೇ ಹುಡುಕಲಿ, ಮೊದಲು ಬರುತ್ತಿದ್ದುದು ಕಾಕಾರ ಹತ್ತಿರ. "ಹಾದಿ ಎಲ್ಲೂ ಓಡಿಹೋಗೂದಿಲ್ಲರಿ, ಮೊದಲ ಕೂಡ್ರಿ" ಎಂದು ನೀರು ಕೊಡಿಸುವರು. ಮುಸಲ್ಮಾನರಾದ ತಮ್ಮ ಕೈನೀರು ನಡೆಯದವರಿಗೆ ಎದುರಿನ ಖಾನಾವಳಿಯಿಂದ ತರಿಸುವರು.

ಒಂದು ಬೆಳಿಗ್ಗೆ ಗಿರಣಿ ಚಾಳಿನವನೊಬ್ಬ ಎಲೆ ಕಟ್ಟಿಸಿಕೊಳ್ಳುತ್ತ, ನೆರೆಮನೆಯವನ ಹೆಸರು ಹೇಳಿ, ಅವನ ಬಾಣಂತಿ ಹೆಂಡತಿ ನಸುಕಿನಲ್ಲಿ ತೀರಿಕೊಂಡಳು, ಅವಳಪ್ಪನ ಊರಿಗೆ ತಾರು ಕೊಟ್ಟು ತಂತಿಸುದ್ದಿ ಕಳಿಸಿದ್ದಾರೆ ಎಂದು ಹೇಳಿಹೋದ. ಸ್ವಲ್ಪ ಹೊತ್ತಿಗೆ ಗದಗಿನ ಗಾಡಿ ಬಂತು. ಮುದುಕನೊಬ್ಬ ಬಾಣಂತಿಯರಿಗೆ ಕೊಡುವ ಅಂಟಿನುಂಡಿಯ ಗಂಟು ಹಿಡಿದು ಬಂದ.

"ಸಾಹೇಬ್ರ, ಗಿರಣಿ ಚಾಳಿಗೆ ಹ್ಯಾಂಗ ಹೋಗೂದರಿ? ಮಗಳು ಹಡದಾಳ."

ಅವನು ಹೇಳಿದ ಅಳಿಯನ ಹೆಸರು ಬೆಳಿಗ್ಗೆ ಕೇಳಿದ್ದೇ ಆಗಿತ್ತು; ಕಾಕಾ ನನ್ನ ಮುಖ ನೋಡಿದರು. ತಾರು ಮುಟ್ಟುವ ಮೊದಲೇ ಮುದುಕ ಊರು ಬಿಟ್ಟಿದ್ದ.

"ಯಜಮಾನ್ರ, ಮೊದಲ ಎರಡ ರೊಟ್ಟಿ ತಿನ್ರಿ."

"ಹಾದಿ ಕೇಳಿದ್ರ ಊಟಾ ಹಾಕತೀರಲ್ರಿ! ನಿಮ್ಮಂಥಾ ಬೀಗರು ಸಿಗಬೇಕಿತ್ತ ನೋಡ್ರಿ ನನಗ."

ಖಾನಾವಳಿಯಲ್ಲಿ ಮುದುಕ ನಿಧಾನವಾಗಿ ಉಂಡ. ಮೊಮ್ಮಗನಿಗೆ ಅಜ್ಜನ ಹೆಸರು ಇಟ್ಟರೆ ಚಂದವೋ, ದೇವರದೋ ಎಂದು ಬಡಿಸುವವನನ್ನು ಕೇಳಿದ. ಬಾಗಿಲಾಚೆ ನಿಂತ ಕಾಕಾ ನನಗೆ ಪಿಸುಗುಟ್ಟಿದರು: "ಈಗ ಹೇಳಿದ್ರ ಹನಿ ನೀರೂ ಮುಟ್ಟೂದಿಲ್ಲೋ ತಮ್ಮಾ. ಹಡದಪ್ಪ ಬರೂತನಕಾ ಅವರು ಕಾಯತಾರ."

ಕಾದಿರಲಿಲ್ಲ. ತಾರು ಕಂಡು ಹೊರಟರೂ ಅಪ್ಪ ಬರುವುದು ರಾತ್ರಿಯಾದೀತೆಂದು ಹಿರಿಯರು ಅವಸರ ಮಾಡಿ ಮಣ್ಣು ಮುಗಿಸಿದ್ದರು. ಅದು ತಿಳಿಯದೆ ಊಟದ ನಂತರ ನಾವಿಬ್ಬರೂ ಮುದುಕನ ಜೊತೆ ಹೊರಟೆವು. ಚಾಳಿನ ತಿರುವಿನಲ್ಲಿ ಕಾಕಾ ಮುದುಕನ ಕೈಹಿಡಿದು ವಿಷಯ ಹೇಳಿದರು. ಅವನು ಕೈ ಬಿಡಿಸಿಕೊಂಡು ಓಡಿದ. ಗಂಟು ಎತ್ತಿಕೊಂಡು ನಾವು ಹಿಂದೆ ಹೋಗುವಷ್ಟರಲ್ಲಿ ಹೆಂಗಸೊಬ್ಬಳು ಹೊಸ್ತಿಲಿಗೆ ನೀರು ಹಾಕುತ್ತಿದ್ದಳು.

"ಈಗಷ್ಟ ಒಯ್ದು ಬಂದಾರ. ಒಂದ ತಾಸ ಮೊದಲ ಬಂದಿದ್ರ ಮಾರಿ ನೋಡತಿದ್ದಿ, ಎಪ್ಪಾ" ಎಂದಳು.

ಮುದುಕ ಅಳಲಿಲ್ಲ. ಕಾಕಾರ ಕಡೆ ತಿರುಗಿದ. "ಆಗ ನಾ ಉಣ್ಣಾಕತ್ತಿದ್ದೆನಲ್ರಿ, ಸಾಹೇಬ್ರ" ಎಂದ, ಅಷ್ಟೇ.

ಬೈದಿದ್ದರೆ ಕಾಕಾ ತಡೆದುಕೊಳ್ಳುತ್ತಿದ್ದರೇನೋ.

ಅವರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ವರ್ಷಗಳೇ ಕಳೆದಿದ್ದವು. ಕ್ಷೇಮ ಕೇಳಲೂ ಬಿಡದೆ ನನ್ನ ಮುಂಗೈ ಹಿಡಿದರು.

"ಖರೇ ಹೇಳು ತಮ್ಮಾ, ಅವತ್ತ ಆ ಮುದುಕನ ಮುಂದ ನನ್ನ ಜಾಗಾದಾಗ ನೀ ಇದ್ರ ಏನ ಮಾಡತಿದ್ದಿ?"

"ಮಲಕೋರಿ ಕಾಕಾ" ಎಂದು ಹೊದಿಕೆ ಸರಿಮಾಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಆ ವಾರವೇ ಹೋದರು.