ರಾತ್ರಿಯಿಡೀ ತೇವ ಕಾಯುವ ಎಕುವಾ

ಸೆಕೊಂಡಿ ಬಂದರಿನ ಮೀನುದೋಣಿಗಳು ಇನ್ನೂ ದಡ ಮುಟ್ಟಿಲ್ಲ, ಓಣಿಯ ಹೆಂಗಸರ ಕೂದಲು ನೋಡಿಕೊಳ್ಳುವ ಎಕುವಾ ಎಸ್ಸುಮನ್ ಆಗಲೇ ಮದುವೆಮನೆಯ ಅಂಗಳದಲ್ಲಿದ್ದಾರೆ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇವತ್ತು ಈ ಮನೆಯ ಹುಡುಗಿ ಅಬಾ ವಿಗ್ ಹಾಕದೆ, ತನ್ನದೇ ಗುಂಗುರು ಕೂದಲಲ್ಲಿ ಮದುಮಗಳಾಗುತ್ತಾಳೆ. ಈ ಓಣಿಯಲ್ಲಿ ಅಂಥ ಧೈರ್ಯ ಯಾರೂ ಮಾಡಿಲ್ಲ.

ನಿನ್ನೆ ಸಂಜೆ ಎಕುವಾ ಆ ಕೂದಲಿಗೆ ನೀರು ಚಿಮುಕಿಸಿ, ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಸವರಿ, ಎಳೆ ಎಳೆಯಾಗಿ ಹುರಿ ಹೊಸೆದು, ತೇವ ಆರದಂತೆ ಮೇಲೆ ನುಣುಪಾದ ಸ್ಯಾಟಿನ್ ಟೊಪ್ಪಿಗೆ ತೊಡಿಸಿ ಹೋಗಿದ್ದರು. ಬೆಳಿಗ್ಗೆ ಹುರಿ ಬಿಚ್ಚಿದರೆ ಸುರುಳಿಗಳು ಮೆತ್ತಗೆ ಪುಟಿಯಬೇಕು.

ಬಾಗಿಲು ತೆರೆಯುತ್ತದೆ. ಅಬಾಳ ತಲೆಯ ಮೇಲೆ ಸ್ಯಾಟಿನ್ ಇಲ್ಲ, ನೀಲಿ ಹತ್ತಿಬಟ್ಟೆ ಇದೆ. ಎಕುವಾ ಬಟ್ಟೆ ಸರಿಸಿ ಮುಟ್ಟುತ್ತಾರೆ. ತೆಂಗಿನ ನಾರು ಮುಟ್ಟಿದಂತಾಗುತ್ತದೆ.

"ಟೊಪ್ಪಿಗೆ ಎಲ್ಲಮ್ಮಾ?"

"ಅತ್ತೆ ತೆಗೆಸಿದ್ರು."

ಅಬಾಳ ಸೋದರತ್ತೆ ಮಾನ್ಸಾ ಹಂಡೆಯ ಮುಂದಿನಿಂದಲೇ ಉತ್ತರ ಕೊಡುತ್ತಾರೆ. ಮದುವೆ ಊಟದ ಕೆಂಕೆ, ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ಹಿಟ್ಟಿನ ಉಂಡೆಗಳು, ಅಲ್ಲಿ ಬೇಯುತ್ತಿವೆ. "ಮದುವೆ ಹಿಂದಿನ ರಾತ್ರಿ ಅಜ್ಜಿ ಬಟ್ಟೆ ಕಟ್ಕೊಂಡೇ ಮಲಗೋದು ನಮ್ಮನೆ ಪದ್ಧತಿ ಕಣೇ. ನಿನ್ನ ಜಾರೋ ಟೊಪ್ಪಿಗೋಸ್ಕರ ಅಜ್ಜಿ ಆಶೀರ್ವಾದ ಬಿಡ್ಲಾ?"

"ಬಟ್ಟೆ ಬಂಗಾರದಂಥದ್ದೇ ಅತ್ತೆ. ಆದ್ರೆ ಹತ್ತಿ ನೋಡಿ, ನೀರು, ಬೆಣ್ಣೆ ಎರಡನ್ನೂ ಕುಡಿದು ಕೂತಿದೆ," ಎನ್ನುತ್ತಾರೆ ಎಕುವಾ.

"ಅದಕ್ಕೇ ವಿಗ್ ತರಿಸಿಟ್ಟಿದೀನಿ."

ಅಬಾಳ ಕಣ್ಣು ತುಂಬುತ್ತದೆ. "ಅದನ್ನ ಹಾಕ್ಕೊಂಡ್ರೆ ಬೇರೆ ಯಾರೋ ಮದುವೆ ಆಗ್ತಿದಾರೆ ಅನ್ಸತ್ತೆ ಅತ್ತೆ."

ಎಕುವಾರಿಗೆ ಆ ಸಂಕಟ ಗೊತ್ತು. ಶಾಲೆಯ ನಿಯಮದಂತೆ ತಲೆಗೂದಲು ಮೊಟಕಾಗಿ ಕತ್ತರಿಸಿಕೊಂಡೇ ಬೆಳೆದವರು ಅವರು. ಶಾಲೆ ಮುಗಿದ ಮೇಲೆ ಕೂದಲು ಬಿಟ್ಟರು, ಅದನ್ನು ನೋಡಿಕೊಳ್ಳುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ನೇರ ಮಾಡುವ ಕ್ರೀಮು ಹಚ್ಚಿದರು, ಕೂದಲು ಹಿಡಿ ಹಿಡಿಯಾಗಿ ಕೈಗೆ ಬಂತು. ಕೊನೆಗೆ ಮಾರುಕಟ್ಟೆಯಲ್ಲಿ ಶಿಯಾ ಬೆಣ್ಣೆ ಮಾರುತ್ತಿದ್ದ ಉತ್ತರದ ಕಡೆಯ ಅಜ್ಜಿಯೊಬ್ಬಳು ಕಲಿಸಿದ ವಿದ್ಯೆ ಇದು. ಈಗ ಅವರು ಸಂಜೆಯಾದರೆ ಮನೆ ಮನೆ ಸುತ್ತುತ್ತಾರೆ, ದರ್ಜಿಗಳು ಬಿಸಾಡಿದ ಸ್ಯಾಟಿನ್ ತುಂಡುಗಳಲ್ಲಿ ಟೊಪ್ಪಿಗೆ ಹೊಲಿಯುತ್ತಾರೆ. "ದಿನಕ್ಕೆ ಐದಾರು ತಲೆ. ಕಾಸಿಗಿಂತ ಮೀನೇ ಜಾಸ್ತಿ ಸಿಗತ್ತೆ," ಎಂದು ನಗುತ್ತಾರೆ.

ಅವರ ಕಣ್ಣು ಈಗ ಹಂಡೆಯ ಮೇಲೆ ಬೀಳುತ್ತದೆ. "ಅತ್ತೆ, ಮುಚ್ಚಳ ಸ್ವಲ್ಪ ತೆಗೀರಿ."

ಎಕುವಾ ಟವೆಲು ಹಬೆಗೆ ಹಿಡಿಯುತ್ತಾರೆ, ಬಿಸಿ ಹದವಾದ ಮೇಲೆ ಹುರಿಗಳಿಗೆ ಸುತ್ತುತ್ತಾರೆ. ಆಮೇಲೆ ಮತ್ತೆ ಬೆಣ್ಣೆ, ಮತ್ತೆ ಸ್ಯಾಟಿನ್. ಎಲ್ಲಕ್ಕಿಂತ ಮೇಲೆ ಅಜ್ಜಿಯ ನೀಲಿ ಬಟ್ಟೆಯನ್ನು ತಾವೇ ಕಟ್ಟುತ್ತಾರೆ.

"ಮದುಮಗಳ ತಲೇಲಿ ಕೆಂಕೆ ವಾಸನೆ ಬಂದ್ರೆ ನನ್ನ ಕೇಳ್ಬೇಡ," ಎನ್ನುತ್ತಾರೆ ಮಾನ್ಸಾ.

"ಬರ್ಲಿ ಬಿಡಿ. ಗಂಡಿಗೆ ಹಸಿವಾಗತ್ತೆ."

ಅಂಗಳವೆಲ್ಲ ನಗುತ್ತದೆ, ಅಬಾ ಕೂಡ. ಬಿಸಿಲೇರಿದಾಗ ಎಕುವಾ ಮೊದಲ ಹುರಿ ಬಿಚ್ಚುತ್ತಾರೆ. ಸುರುಳಿ ಪುಟಿಯುತ್ತದೆ! ಎರಡನೆಯದೂ, ಮೂರನೆಯದೂ. ನೋಡನೋಡುತ್ತಿದ್ದಂತೆ ಹುಡುಗಿಯ ಮುಖದ ಸುತ್ತ ಕಪ್ಪನೆಯ, ಹೊಳೆಯುವ ಕೂದಲು ತುಂಬಿಕೊಳ್ಳುತ್ತದೆ. ಓಣಿಯ ಹೆಂಗಸರು ಬಾಗಿಲಿಗೆ ಮುತ್ತಿದ್ದಾರೆ, ಮುಟ್ಟಿ ನೋಡಲು ನಾ ಮುಂದು ತಾ ಮುಂದು.

ಮಾನ್ಸಾ ಕೂದಲನ್ನು ಒಮ್ಮೆ ಒತ್ತಿ ನೋಡುತ್ತಾರೆ. ವಿಗ್ಗನ್ನು ಪೆಟ್ಟಿಗೆಗೆ ಹಾಕಿ, ನೀಲಿ ಬಟ್ಟೆಯನ್ನು ಎಕುವಾರ ಕೈಗಿಡುತ್ತಾರೆ.

"ಇದರ ಒಳಗೆ ನಿನ್ನ ಜಾರೋ ಬಟ್ಟೆ ಹೊಲಿದುಕೊಡು. ಮುಂದಿನ ಹುಡುಗಿಗೆ ಬೇಕಾಗತ್ತೆ."

ಎಕುವಾ ಬಟ್ಟೆಯನ್ನು ಎದೆಗೊತ್ತಿಕೊಂಡು ನಿಲ್ಲುತ್ತಾರೆ. ಒಳಗೆ ಹೊಲಿದರೆ ನಿನ್ನ ಕೆಲಸ ಯಾರಿಗೂ ಕಾಣುವುದಿಲ್ಲವಲ್ಲ ಎಂದು ಪಕ್ಕದವಳೊಬ್ಬಳು ಕೆಣಕುತ್ತಾಳೆ.

"ಕಾಣೋದು ಯಾಕೆ? ಬೆಳಿಗ್ಗೆ ಕೂದಲು ಮೆತ್ತಗಿದ್ರೆ ಸಾಕು."