ಹೇಗೂ ಬೀಳುವ ಹಲ್ಲು

ಹಲಸೂರಿನಲ್ಲಿ ಅಪ್ಪನ ಬೇಕರಿ ಇದೆ. ಹನಿ ಕೇಕಿನ ಟ್ರೇ ಆರಿದ ಮೇಲೆ ಅಲ್ಲಿ ಮೊದಲು ಮಾಡುವ ಕೆಲಸ ಸುತ್ತಲಿನ ಅಂಚು ಕತ್ತರಿಸಿ ತೆಗೆಯುವುದು. ಗಾಜಿನ ಶೋಕೇಸಿನಲ್ಲಿ ಇಡುವ ತುಂಡುಗಳು ನೆಟ್ಟಗೆ ಚೌಕವಾಗಿರಬೇಕಲ್ಲ. ಆ ಅಂಚುಗಳನ್ನು ಮಾರುವಂತಿಲ್ಲ, ಬಿಸಾಡಲು ಮನಸ್ಸು ಬರುವುದಿಲ್ಲ. ಸಕ್ಕರೆ ಪಾಕ ಹೀರಿ ಅಂಟಂಟಾಗಿರುವ ಅವೆಲ್ಲ ಒಂದು ಡಬ್ಬಿ ಸೇರಿ ಮನೆಯ ಮಕ್ಕಳ ಪಾಲಾಗುತ್ತವೆ.

ಆ ಡಬ್ಬಿ ತಿಂದೇ ನಾನು ಬೆಳೆದೆ. ಈಗ ಬಲಗಡೆ ದವಡೆಯಲ್ಲಿ ಅಗಿಯಲಾರೆ. ಅಪ್ಪನ ಬಾಯಲ್ಲಂತೂ ಇರುವುದೆಲ್ಲ ಕಟ್ಟಿಸಿದ ಹಲ್ಲು. ಇಷ್ಟಾದ ಮೇಲಾದರೂ ನಮ್ಮ ಮನೆಯವರಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ನಾನೂ ಗಂಡನೂ ಕೆಲಸಕ್ಕೆ ಹೋಗುವವರು. ಸ್ಕೂಲು ಬಿಟ್ಟ ಮೇಲೆ ನಮ್ಮ ಮಗಳು ಸಂಜೆಯವರೆಗೂ ಅಪ್ಪನ ಬೇಕರಿಯಲ್ಲಿರುತ್ತಾಳೆ. ಆಫೀಸಿನಿಂದ ನಾನು ಹೋಗಿ ನೋಡಿದರೆ ಕೆನ್ನೆಗೆಲ್ಲ ಜಾಮು, ಕೈಯಲ್ಲಿ ಇನ್ನೊಂದು ಅಂಚು. ಸರ್ವಜ್ಞನಗರದ ಮನೆ ಮುಟ್ಟುವಷ್ಟರಲ್ಲಿ ಆಟೋದಲ್ಲೇ ನಿದ್ದೆ. ಎಬ್ಬಿಸಿ ಬ್ರಷ್ ಮಾಡಿಸಲು ಹೋದರೆ ಅಪಾರ್ಟ್‌ಮೆಂಟಿಗೆಲ್ಲ ಕೇಳುವಂತೆ ಅಳು. ಆದರೂ ಬಿಡದೆ ಉಜ್ಜಿಸುತ್ತಿದ್ದೆ. ಆದರೆ ಮಧ್ಯಾಹ್ನವಿಡೀ ಸಕ್ಕರೆಯಲ್ಲಿ ನೆನೆದ ಹಲ್ಲಿಗೆ ಅದೊಂದೇ ಸಾಕಾಗುವುದಿಲ್ಲ.

ನಾನು ಅಪ್ಪನನ್ನು ದೊಡ್ಡದೇನೂ ಕೇಳಿರಲಿಲ್ಲ. ಕೊಡುವುದಾದರೆ ಊಟದ ಜೊತೆಗೆ ಒಮ್ಮೆ ಕೊಟ್ಟು ಮುಗಿಸಿ, ಹೊತ್ತು ಹೊತ್ತಿಗೂ ಬೇಡ, ತಿಂದ ಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸಲು ಹೇಳಿ ಎಂದೆ. ಅಷ್ಟೇ.

"ಅಯ್ಯೋ ಹೋಗಮ್ಮ, ಹಾಲು ಹಲ್ಲು ತಾನೆ? ಹೇಗೂ ಬೀಳುತ್ತೆ. ಇರೋವಾಗ ತಿನ್ಲಿ ಬಿಡು" ಅಂದರು ಅಪ್ಪ.

ಕೌಂಟರ್ ಮುಂದೆ ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಗಂಡನಿಗೆ ಹೇಳಿದರೆ, "ಅವರ ಪ್ರೀತಿ ಅದು, ಸ್ವಲ್ಪ ಅಡ್ಜಸ್ಟ್ ಮಾಡ್ಕೊ" ಎಂದು ಫೋನಿನಿಂದ ತಲೆ ಎತ್ತದೆ ಅಂದ. ಪ್ರೀತಿಯಂತೆ! ಮಗು ಕೇಳಿದ್ದನ್ನು ಕೊಟ್ಟು ಸುಮ್ಮನಾಗಿಸುವುದು ಪ್ರೀತಿ, ಬ್ರಷ್ ಹಿಡಿದು ಹಿಂದೆ ಓಡುವುದು ಕಾಟ. ನಮ್ಮ ಮನೆಯ ಕಾನೂನು ಇದು.

ಆರು ತುಂಬಿದ ಹೊಸತರಲ್ಲಿ ಮಗಳ ಕೆಳದವಡೆಯಲ್ಲಿ, ಎಲ್ಲ ಹಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ, ಒಂದು ಅಗಲವಾದ ಹಲ್ಲು ಮೂಡಿತು. ಯಾವ ಹಲ್ಲೂ ಬಿದ್ದು ಅದಕ್ಕೆ ಜಾಗ ಬಿಟ್ಟುಕೊಟ್ಟಿರಲಿಲ್ಲ. ಒಂದು ಬಿದ್ದ ಜಾಗದಲ್ಲಿ ಬಂದದ್ದು ಮಾತ್ರ ಕಾಯಂ ಹಲ್ಲು ಎಂದು ನಾವೆಲ್ಲ ತಿಳಿದಿದ್ದೆವು. ಹಾಗಾಗಿ ಇದನ್ನೂ ಹಾಲು ಹಲ್ಲೆಂದೇ ಅಂದುಕೊಂಡೆವು. ಎರಡು ವರ್ಷದಲ್ಲಿ ಅದರ ನಡುವೆ ಕಪ್ಪು ಗೆರೆ ಬಿತ್ತು, ಗೆರೆ ಗುಳಿಯಾಯಿತು. ಡಾಕ್ಟರಿಗೆ ತೋರಿಸೋಣ ಎಂದರೆ, "ಬೀಳೋ ಹಲ್ಲಿಗೆ ಡಾಕ್ಟ್ರು ಯಾಕಮ್ಮ?" ಎಂದು ಅಪ್ಪ ಲವಂಗ ಜಜ್ಜಿ ಇಟ್ಟರು. ನೋವು ಇಳಿಯಿತು. ಅಪ್ಪ ಗೆದ್ದ ಮುಖ ಮಾಡಿಕೊಂಡು ಬೀಗಿದರು.

ಒಂದು ಭಾನುವಾರ ಮಗಳ ಕೆನ್ನೆ ಬನ್ನಿನಂತೆ ಊದಿಕೊಂಡಿತು. ಇನ್ನು ಯಾರ ಮಾತೂ ಬೇಡವೆಂದು ಅವಳನ್ನು ಕರೆದುಕೊಂಡು ಕಲ್ಯಾಣ ನಗರದ ಹಲ್ಲಿನ ಡಾಕ್ಟರ ಬಳಿ ಹೊರಟೆ. ಮಗು ಹೆದರುತ್ತದೆ ಎಂದು ಅಪ್ಪನೂ ಆಟೋ ಹತ್ತಿದರು.

ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ಇದು ಹಾಲು ಹಲ್ಲಲ್ಲ ಮೇಡಂ" ಅಂದರು. "ಪರ್ಮನೆಂಟ್ ಹಲ್ಲು. ಆರು ವರ್ಷಕ್ಕೆ ಹಿಂದ್ಗಡೆ ಸುಮ್ನೆ ಬರುತ್ತೆ, ಯಾವ್ದೂ ಬೀಳಲ್ಲ. ಅದಕ್ಕೇ ತುಂಬಾ ಜನಕ್ಕೆ ಗೊತ್ತಾಗಲ್ಲ. ಬಂದ ತಕ್ಷಣ ತೋರಿಸಿದ್ರೆ ಅದರ ಮೇಲೆ ಕೋಟಿಂಗ್ ಹಾಕ್ಬಹುದಿತ್ತು. ಈಗ ಹುಳುಕು ಬೇರು ತನಕ ಹೋಗಿದೆ, ಕೀಳ್ಲೇಬೇಕು. ಇದ್ರ ಬದ್ಲು ಇನ್ನೊಂದು ಹುಟ್ಟಲ್ಲ."

ಅಪ್ಪ ನನ್ನ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. ಜೇಬಿನಿಂದ ಅರ್ಧ ತೆಗೆದಿದ್ದ ಲವಂಗದ ಪೊಟ್ಟಣವನ್ನು ಮತ್ತೆ ಒಳಗೆ ತುರುಕಿದರು. ಸುಳ್ಳೇಕೆ ಹೇಳಲಿ, ಅದನ್ನು ನೋಡಿ ನನಗೆ ಸಮಾಧಾನವೇ ಆಯಿತು. ಊತ ಇಳಿಯಲು ಡಾಕ್ಟರಮ್ಮ ಮಾತ್ರೆ ಕೊಟ್ಟರು. ಊತ ಇಳಿದ ಮೇಲೆ ಹೋಗಿ ಹಲ್ಲು ಕೀಳಿಸಿದೆವು. ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ಅವಳು ಅತ್ತ ಅಳು ನನ್ನ ಶತ್ರುವಿಗೂ ಬೇಡ.

ಕಿತ್ತ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಅವಳ ಕೈಗೇ ಕೊಟ್ಟಿದ್ದರು. ಮರುದಿನ ಸಂಜೆ ಬೇಕರಿಗೆ ಹೋದಾಗ ಅಪ್ಪನೂ ಮಗಳೂ ಹಿಂದಿನ ಗಲ್ಲಿಯಲ್ಲಿ ನಿಂತಿದ್ದರು. ಎಲ್ಲಿಂದ ಹುಡುಕಿ ತಂದಿದ್ದರೋ, ಅಪ್ಪನ ಕೈಯಲ್ಲಿ ಸಗಣಿ ಉಂಡೆ. ಹಾಲು ಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುವುದು, ಹೊಸ ಹಲ್ಲು ಬೇಗ ಬರಲೆಂದು ಬೇಡಿಕೊಳ್ಳುವುದು ನಮ್ಮಲ್ಲಿ ರೂಢಿ. ಡಾಕ್ಟರಮ್ಮ ಹೇಳಿದ್ದನ್ನು ಕಿವಿಯಾರೆ ಕೇಳಿದ ಮನುಷ್ಯ, ಆ ಹಲ್ಲನ್ನು ಉಂಡೆಯಲ್ಲಿ ಹುದುಗಿಸಿ ಮಗುವಿಗೆ ಕೊಡುತ್ತಿದ್ದರು.

"ಜೋರಾಗಿ ಎಸಿ ಕಂದ. ಒಳ್ಳೆ ಮುತ್ತಿನಂಥ ಹಲ್ಲು ಬರುತ್ತೆ ನೋಡ್ತಿರು."

ನಾನು ತಡೆಯುವಷ್ಟರಲ್ಲಿ ಉಂಡೆ ಬೇಕರಿಯ ಶೀಟ್ ಸೂರಿನ ಮೇಲೆ ಧಪ್ಪೆಂದಿತು. ಹಲ್ಲು ಕಿತ್ತದ್ದಕ್ಕೆ ಮತ್ತೆ ಊದಿದ್ದ ಕೆನ್ನೆಯಲ್ಲೇ ಮಗಳು ನಗುತ್ತ ನನ್ನತ್ತ ತಿರುಗಿದಳು. "ಅಮ್ಮ, ಯಾವಾಗ ಬರುತ್ತೆ?"

ಅಪ್ಪ ನನ್ನನ್ನೇ ನೋಡಿದರು. ನನ್ನಿಂದ ಯಾವತ್ತೂ ಏನನ್ನೂ ಬೇಡದ ಅವರು ಆಗ ಕಣ್ಣಲ್ಲೇ ಬೇಡಿದರು. ಒಂದು ಸುಳ್ಳು ಹೇಳು ಎಂದು. ನನಗೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ಬರದ ಹಲ್ಲಿಗಾಗಿ ಈ ಮಗು ದಿನಾ ಕನ್ನಡಿಯ ಮುಂದೆ ಬಾಯಿ ತೆರೆದು ನಿಲ್ಲುವುದನ್ನು ನಾನು ನೋಡಲಾರೆ.

"ಬರಲ್ಲ ಕಣೆ. ಆ ಜಾಗದಲ್ಲಿ ಇನ್ನು ಹಲ್ಲು ಬರಲ್ಲ. ಮಿಕ್ಕಿದ್ದನ್ನ ಚೆನ್ನಾಗಿ ನೋಡ್ಕೋಬೇಕು" ಅಂದೆ.

ಅವಳು ಓಡಿಹೋಗಿ ತಾತನ ಪಂಚೆಯಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಸಗಣಿ ಮೆತ್ತಿರದ ಕೈಯಿಂದ ಅವಳ ತಲೆ ಸವರುತ್ತ, "ಎಂಥ ಕಲ್ಲು ಮನಸ್ಸು ಕಣೆ ನಿನ್ದು" ಅಂದರು.

ಮುಖ ಹೊರಗೆ ತೆಗೆಯದೆಯೇ ನನ್ನ ಮಗಳು ಹೌದೆಂದು ತಲೆಯಾಡಿಸಿದಳು.